ಇಲ್ಲದ ಕೈಯ ಬ್ರೇಕು

ಗುರುಸಿದ್ದನಿಗೆ ಮೊಣಕೈಯಿಂದ ಕೆಳಗೆ ಬಲಗೈ ಇರಲಿಲ್ಲ. ಆದರೂ ಅವನು ಮುಚ್ಚಿಹೋದ ನೂಲಿನ ಗಿರಣಿಯ ಅಂಗಳದಲ್ಲಿ ಬೈಕಿನ ಎಕ್ಸಿಲರೇಟರ್ ಏರಿಸುತ್ತ ಇಳಿಸುತ್ತ ಸುತ್ತು ಹೊಡೆಯುತ್ತಿದ್ದ. ಹ್ಯಾಂಡಲಿನ ಬಲತುದಿಯನ್ನು ಒಂದು ಲೋಹದ ತೋಳು ಹಿಡಿದುಕೊಂಡಿತ್ತು. ಅದು ಊರುಗೋಲಿನಷ್ಟೇ ಜಡ, ಬರೀ ಆಸರೆಗೆ. ನಿಜವಾದ ಕೆಲಸ ಮಾಡುತ್ತಿದ್ದದ್ದು ಅವನ ಮೋಟುತೋಳಿಗೆ ಸುತ್ತಿದ್ದ ಅಗಲವಾದ ಒಂದು ಪಟ್ಟಿ.

ಕೈ ಹೋದರೂ ಕೈಗೆ ಹೋಗುತ್ತಿದ್ದ ನರಗಳು ಹೋಗುವುದಿಲ್ಲ. ತಿರುವು, ಹಿಡಿ, ಸಡಿಲಿಸು ಎಂದು ಮಿದುಳು ಹಳೆಯ ವಿಳಾಸಕ್ಕೆ ಅಪ್ಪಣೆ ಕಳಿಸುತ್ತಲೇ ಇರುತ್ತದೆ. ತೆಗೆದುಕೊಳ್ಳುವವರಿಲ್ಲದ ಆ ಅಪ್ಪಣೆಗಳನ್ನು ಚರ್ಮದ ಮೇಲಿನಿಂದಲೇ ಹೆಕ್ಕಿ ಬೈಕಿಗೆ ದಾಟಿಸುವ ಪಟ್ಟಿಯನ್ನು ಮಾಡಿದವರು ಬೆಟಗೇರಿಯ ಡಾಕ್ಟರ್ ಸಮೀನಾ ನದಾಫ್. ಎಲ್ಲ ಹಿಡಿಗಳನ್ನೂ ಎಡಗೈಗೆ ಜೋಡಿಸಿಕೊಟ್ಟ ಬೈಕುಗಳು ಅದಕ್ಕೂ ಮುಂಚೆಯೇ ಇದ್ದವು. ಡಾಂಬರಿನ ಮೇಲೆ ಅವು ಚೆನ್ನಾಗಿಯೇ ಓಡುತ್ತಿದ್ದವು. ಆದರೆ ಕಲ್ಲುದಾರಿಯಲ್ಲಿ ಚಕ್ರ ಜಾರಿದಾಗ ಸವಾರನ ತಲೆಯಲ್ಲಿ ಮೊದಲು ಏಳುವುದು ಇಲ್ಲದ ಬಲಗೈಯೇ. ಅದು ಬ್ರೇಕಿಗೆ ಚಾಚಿ, ಅಲ್ಲಿ ಏನೂ ಸಿಗದೆ, ಎಡಗೈಗೆ ಸುದ್ದಿ ಮುಟ್ಟುವಷ್ಟರಲ್ಲಿ ಸವಾರ ನೆಲದ ಮೇಲಿರುತ್ತಿದ್ದ. ಆ ಇಲ್ಲದ ಕೈಗೇ ಕೆಲಸ ಕೊಟ್ಟರೇನು ಎಂದು ನದಾಫ್ ಯೋಚಿಸಿದ್ದರು.

ಅಂಗಳದ ಮೂಲೆಯಲ್ಲಿ ಗಿರಣಿಯವರು ಕಟ್ಟಿಸಿದ್ದ ಹನುಮಪ್ಪನ ಗುಡಿ. ಅದರ ಎದುರು ಬಂದಾಗ ಗುರುಸಿದ್ದನ ಬೈಕು ಮುಗ್ಗರಿಸಿತು.

"ಮತ್ತ ಕೈ ಮುಗದೇನಪಾ?" ನದಾಫ್ ಕೂಗಿದರು.

"ನಾ ಎಲ್ಲೆ ಮುಗದೇನ್ರೀ ಮೇಡಂ! ಅದ ಹೊಕ್ಕೈತಿ!" ಗುಡಿ ದಾಟುವಾಗ ಎದೆ ಮುಟ್ಟಿ ತುಟಿಗೆ ಒತ್ತಿಕೊಳ್ಳುವುದು ಅವನಿಗೆ ಹುಟ್ಟಿನಿಂದ ಬಂದ ರೂಢಿ. ಇಲ್ಲದ ಕೈ ಎಕ್ಸಿಲರೇಟರ್ ಬಿಟ್ಟು ಎದೆಗೆ ಹೋಗಿತ್ತು.

"ಹಾದ್ಯಾಗ ಗುಡಿ ಎಷ್ಟ ಅದಾವು, ದರ್ಗಾ ಎಷ್ಟ ಅದಾವು. ಎಲ್ಲಾ ಕಡೆ ನಿಂತರ ನೀ ಮುಂಡರಗಿ ಮುಟ್ಟೂದು ಯಾವಾಗ?"

"ಗಾಡಿಗೂ ಒಂಚೂರು ಭಕ್ತಿ ಇರ್ಲಿ ಬಿಡ್ರೀ!"

ಕಟ್ಟೆಯ ಮೇಲೆ ಕುಳಿತಿದ್ದ ಪೂರ್ವಿ ನಗಲಿಲ್ಲ. ಮುಂದಿನ ಸರದಿ ಅವಳದು; ಅವಳಿಗೂ ಬಲಗೈ ಇರಲಿಲ್ಲ. ಪಕ್ಕದಲ್ಲಿ ಅತ್ತೆ ಭಾಗ್ಯಶ್ರೀ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯನ್ನು ತುತ್ತು ತುತ್ತಾಗಿ ಮುರಿದು ಪಲ್ಯದಲ್ಲಿ ಅದ್ದಿ ಇಡುತ್ತಿದ್ದರು.

"ನಾ ಮುರಕೊಂತೀನ್ರೀ ಅತ್ತಿ."

"ನೀ ಕುಂದ್ರ. ನಾ ಮಾಡ್ತೀನಿ."

ಒಂದು ವರ್ಷದಿಂದ ಆ ಮನೆಯಲ್ಲಿ ಪೂರ್ವಿ ಕೇಳಿದ ಮಾತೆಲ್ಲ ಅದೊಂದೇ. ತಲೆ ಬಾಚುವಾಗ, ನೀರು ಕಾಸುವಾಗ, ಕುಪ್ಪಸದ ಗುಂಡಿ ಹಾಕುವಾಗ. ಅತ್ತೆ ಬೈದಿದ್ದರೆ ಎದುರು ಮಾತಾಡಬಹುದಿತ್ತು. ಈ ಆರೈಕೆಗೆ ಬಾಗಿಲೂ ಇರಲಿಲ್ಲ, ಕಿಟಕಿಯೂ ಇರಲಿಲ್ಲ. ಅವಳು ಬಚ್ಚಲಿಗೆ ಹೋದರೂ ಹೊರಗೆ ಚಪ್ಪಲಿಯ ಸದ್ದು ಕಾಯುತ್ತಿತ್ತು.

ಪೂರ್ವಿ ಗುಡ್ಡದ ಸಾಲಿನ ಗಾಳಿಯಂತ್ರಗಳ ತಪಾಸಣೆ ಮಾಡುತ್ತಿದ್ದವಳು. ಊರವರು ಅವನ್ನು ಫ್ಯಾನು ಎನ್ನುತ್ತಾರೆ. ಒಂದು ಫ್ಯಾನಿನಿಂದ ಇನ್ನೊಂದಕ್ಕೆ ಹೋಗಿ, ಬುಡದಲ್ಲಿ ನಿಂತು, ರೆಕ್ಕೆಯ ಸದ್ದು ಕೇಳಿ, ಒಳಗಿನ ಅಳತೆ ನೋಡಿಕೊಂಡು ಬರುವ ಕೆಲಸ. ಊರೊಳಗೆಲ್ಲ ತಾವೇ ಓಡುವ ಬಂಡಿಗಳು ಬಂದಿದ್ದ ಕಾಲ ಅದು. ಅವು ಡಾಂಬರು ಮುಗಿದಲ್ಲಿ ನಿಂತುಬಿಡುತ್ತಿದ್ದವು. ಗುಡ್ಡದ ಮೇಲೆ ಈಗಲೂ ಬೈಕೇ ಆಗಬೇಕು. ಜ್ಯೇಷ್ಠದ ಗಾಳಿ ಏಳುವುದರೊಳಗೆ ಬೈಕಿನ ಪರವಾನಗಿ ತಂದರೆ ಕೆಲಸ ಅವಳದೇ, ಇಲ್ಲವಾದರೆ ಬೇರೆಯವರಿಗೆ ಎಂದು ಕಂಪನಿ ಹೇಳಿತ್ತು. ಬೇರೆಯವರಿಗೆ ಹೋದರೆ ತಾನು ಆ ಮನೆಯಲ್ಲಿ ರೊಟ್ಟಿ ಮುರಿಸಿಕೊಳ್ಳುತ್ತ ಮುದುಕಿಯಾಗುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಗಿರಣಿಯ ಷೆಡ್ಡಿನಲ್ಲಿ ಬೈಕು ಉರುಳೆಗಳ ಮೇಲೆ ನಿಂತಿತ್ತು. ಕೆಳಗಿನ ಉರುಳೆಗಳು ತಿರುಗಿ ಚಕ್ರಗಳನ್ನು ತಿರುಗಿಸುತ್ತವೆ. ಗಾಡಿ ನಿಂತಲ್ಲೇ ಓಡುತ್ತದೆ. ಪೂರ್ವಿ ಹತ್ತಿ ಕುಳಿತಳು. ನದಾಫ್ ಪಟ್ಟಿ ಕಟ್ಟಿದರು. ಕಟ್ಟಿದ ಕ್ಷಣವೇ ಮುಂದಿನ ಬ್ರೇಕು ಕಚ್ಚಿಕೊಂಡಿತು. ಚಕ್ರ ಸೆಟೆದು ನಿಂತಿತು, ಉರುಳೆ ಅಡಿಯಲ್ಲಿ ನರಳಿತು.

"ಬಿಡ್ರಿ," ಎಂದರು ನದಾಫ್. "ಬ್ರೇಕ್ ಬಿಡ್ರಿ."

"ಹಿಡದಿಲ್ರೀ."

"ಕೈ ಹೆಂಗೈತಿ ಈಗ? ಕಣ್ಣ ಮುಚ್ಚಿ ಹೇಳ್ರಿ."

ಪೂರ್ವಿ ಕಣ್ಣು ಮುಚ್ಚಿದಳು. ಇಲ್ಲದ ಕೈ ಇತ್ತು. ಬೆರಳುಗಳು ಮಡಚಿದ್ದವು, ಉಗುರುಗಳು ಅಂಗೈಗೆ ಒತ್ತಿದ್ದವು. ಅದು ಯಾವಾಗಲೂ ಹಾಗೆಯೇ ಇತ್ತು. ನಿದ್ದೆಯಲ್ಲೂ. ಅಂಗೈ ನೋಯುತ್ತಿತ್ತು, ಉಜ್ಜಿಕೊಳ್ಳಲು ಅಂಗೈ ಇರಲಿಲ್ಲ.

ವರ್ಷದ ಹಿಂದೆ ಮುಂಡರಗಿ ರಸ್ತೆಯ ಮುಂಜಾವಿನ ಮಂಜಿನಲ್ಲಿ ದೀಪವಿಲ್ಲದೆ ಒಂದು ಟ್ರಾಲಿ ನಿಂತಿತ್ತು. ಗಾಡಿ ಓಡಿಸುತ್ತಿದ್ದದ್ದು ಅವಳು, ಹಿಂದೆ ಕೂತಿದ್ದದ್ದು ಗಂಡ ಸಮರ್ಥ. ಅವಳು ಬ್ರೇಕು ಹಿಡಿದಳು. ಆಮೇಲಿನದು ಅವಳಿಗೆ ನೆನಪಿಲ್ಲ. ಗಂಡ ಹೋದದ್ದು, ಕೈ ಹೋದದ್ದು ಎರಡನ್ನೂ ಆಸ್ಪತ್ರೆಯಲ್ಲಿ ಇತರರು ಹೇಳಿದರು. ಬ್ರೇಕು ಹಿಡಿದ ಆ ಗಳಿಗೆಯನ್ನು ಮಾತ್ರ ಕೈ ಇಟ್ಟುಕೊಂಡಿತ್ತು.

"ಬಿಡ್ರಿ," ನದಾಫ್ ಮತ್ತೆ ಹೇಳಿದರು. ದಿನಾ ಹೇಳಿದರು. ಬಿಡು ಎನ್ನುವ ಮಾತು ಪೂರ್ವಿಗೆ ಸಾಕಾಗಿತ್ತು. ಸಮರ್ಥನ ಮಣ್ಣಿಗೆ ಬಂದವರು ಆಸ್ಪತ್ರೆಗೂ ಬಂದು ಅದನ್ನೇ ಹೇಳಿದ್ದರು. ಆಗಿದ್ದಾತು ಬಿಡವಾ. ಹಣೆಬರಾ ಬಿಡು. ಅಳೂದ ಬಿಡು. ಅವಳು ಅತ್ತೇ ಇರಲಿಲ್ಲ. ಬಿಡಬೇಕೆಂದರೆ ಹಿಡಿದವಳು ತಾನಾಗಿರಬೇಕಲ್ಲ.

ಒಂದು ಮಧ್ಯಾಹ್ನ ಅವಳೇ ಕೇಳಿದಳು. "ಈ ಬಿಗಿಯನ್ನ ನಿಮ್ಮ ಲೆಕ್ಕದಿಂದ ತಗದ ಹಾಕಾಕ ಬರಂಗಿಲ್ಲೇನ್ರೀ? ಇಲ್ಲಂತ ತಿಳಕೊಂಡ ಬಿಡ್ಲಿ ಗಾಡಿ."

"ಬರ್ತೈತಿ. ಅರ್ಧಾ ತಾಸಿನ ಕೆಲಸ." ನದಾಫ್ ಕನ್ನಡಕ ತೆಗೆದು ಒರೆಸಿದರು. "ಆಮ್ಯಾಲೆ ಗುಡ್ಡದ ಮ್ಯಾಲೆ ಆಡು ಅಡ್ಡ ಬಂತು ಅಂತ ಇಟಗೊಳ್ರಿ. ನೀವ ಖರೇನ ಬ್ರೇಕ್ ಹಿಡೀತೀರಿ. ಗಾಡಿ, ಇದು ಹಳೇದು ಅಂತ ಸುಮ್ಮನ ಇರ್ತೈತಿ. ಹಳೇ ಹಿಡಿತಾ ಯಾವುದು, ಹೊಸಾದು ಯಾವುದು ಅಂತ ಅದಕ್ಕ ಹೆಂಗ ಹೇಳಲಿ? ನಿಮಗರ ಗೊತ್ತೈತೇನು?"

ಪೂರ್ವಿ ಮತ್ತೆ ಗಾಡಿ ಹತ್ತಿದಳು.

ದಿನಗಳು ಸರಿದವು. ಅವಳು ಬರುವಳು, ಹತ್ತುವಳು, ಚಕ್ರ ಸೆಟೆಯುವುದು, ಉರುಳೆ ನರಳುವುದು. ಬಾಗಿಲಲ್ಲಿ ಅತ್ತೆ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ಬ್ಯಾಡ ಎನ್ನುತ್ತಿರಲಿಲ್ಲ. ಪ್ರತಿ ಸಲ ಚಕ್ರ ನಿಂತಾಗಲೂ ಅವರ ಮುಖದಲ್ಲಿ ಏನೋ ಸಮಾಧಾನ ಹಾದು ಹೋಗುತ್ತಿತ್ತು. ಪೂರ್ವಿ ಅದನ್ನು ನೋಡುತ್ತಿದ್ದಳು.

ಒಂದು ಶನಿವಾರ ಸಂಜೆ ಗುಡಿಯ ಪೂಜಾರಿ ಮಂಗಳಾರತಿ ತಟ್ಟೆ ಹಿಡಿದು ಷೆಡ್ಡಿಗೆ ಬಂದ. ಗಿರಣಿ ಇದ್ದಾಗಿನಿಂದ ನಡೆದುಬಂದ ಪದ್ಧತಿ. ಕೆಲಸ ಬಿಟ್ಟು ಏಳಲಾರದವರಿಗೆ ಆರತಿಯೇ ಇದ್ದಲ್ಲಿಗೆ ಬರುತ್ತದೆ. ಗುರುಸಿದ್ದ ಎಡಗೈ ಹಿಂದಕ್ಕೆ ಕಟ್ಟಿಕೊಂಡು ಮುಖವನ್ನೇ ತಟ್ಟೆಯ ಹತ್ತಿರ ಒಯ್ದ. ಪೂಜಾರಿ ಬೈಕಿನ ಬಳಿ ಬಂದು ತಟ್ಟೆ ಚಾಚಿದ.

ಪೂರ್ವಿ ಒಂದು ವರ್ಷದಿಂದ ಆರತಿ ತೆಗೆದುಕೊಂಡಿರಲಿಲ್ಲ. ದೇವರ ಮೇಲೆ ಸಿಟ್ಟಿತ್ತೋ ಇಲ್ಲವೋ, ಎಡಗೈಯಿಂದ ತೆಗೆದುಕೊಳ್ಳುವ ಹಾಗಿರಲಿಲ್ಲ, ಅಷ್ಟೇ. ಈಗಲೂ ಅವಳು ಎಡಗೈಯನ್ನು ತೊಡೆಗೆ ಒತ್ತಿ ಹಿಡಿದಳು. ಮನಸ್ಸಿನಲ್ಲಿ ಏನೂ ಇರಲಿಲ್ಲ. ಗಾಳಿಗೆ ದೀಪ ಬಾಗಿತು.

ಇಲ್ಲದ ಅಂಗೈಗೆ ಬಿಸಿ ತಾಗಿತು.

ಕಾಲಡಿಯಲ್ಲಿ ಉರುಳೆಯ ನರಳಾಟ ನಿಂತು, ಮುಂದಿನ ಚಕ್ರ ಭರ್ರೆಂದು ತಿರುಗಿತು. ಪೂಜಾರಿ ಹೌಹಾರಿ ಹಿಂದೆ ಸರಿದ. ತಟ್ಟೆಯಲ್ಲಿದ್ದ ಭಸ್ಮ ಅವನ ಧೋತರದ ಮೇಲೆ ಬಿತ್ತು.

"ಯವ್ವಾ, ಇದಕ್ಕ ಮೈಯಾಗ ದೇವರ ಬಂತೇನ!"

"ಹಿಂದ ಸರೀಬ್ಯಾಡ್ರೀ!" ನದಾಫ್ ಓಡಿ ಬಂದರು. "ಅಲ್ಲೇ ಹಿಡೀರಿ, ತಟ್ಟಿ ಅಲ್ಲೇ ಹಿಡೀರಿ!"

ದೀಪ ತೆಗೆದುಕೊಳ್ಳಬೇಕಾದರೆ ಅಂಗೈ ಚಪ್ಪಟೆಯಾಗಬೇಕು. ಮುಷ್ಟಿ ಕಟ್ಟಿದ ಕೈಯಿಂದ ಯಾರೂ ಆರತಿ ತೆಗೆದುಕೊಳ್ಳುವುದಿಲ್ಲ. ಕೈ ಕೇಳಿದ್ದು ಪೂರ್ವಿಯ ಮಾತನ್ನಲ್ಲ, ಡಾಕ್ಟರ ಮಾತನ್ನೂ ಅಲ್ಲ. ಅದಕ್ಕಿಂತ ಹಳೆಯದಾದ ಒಂದು ಅಭ್ಯಾಸವನ್ನು. ಚಕ್ರ ತಿರುಗುತ್ತಲೇ ಇತ್ತು. ಪೂರ್ವಿ ಗಾಡಿಯ ಮೇಲೆ ಕೂತು ಒಂದು ವರ್ಷದ ಅಳುವನ್ನೆಲ್ಲ ಅತ್ತಳು. ಅಳುವಾಗ ಅಂಗೈ ನೋಯುತ್ತಿರಲಿಲ್ಲ.

ಮರುದಿನ ಕೈ ಮತ್ತೆ ಮುಚ್ಚಿಕೊಂಡಿತ್ತು. ಆದರೆ ಈಗ ಅದಕ್ಕೆ ದಾರಿ ಗೊತ್ತಾಗಿತ್ತು. ತೆರೆ, ಮುಚ್ಚು, ತೆರೆ. ಮೊದಲು ದೀಪ ಬೇಕಾಯಿತು, ಆಮೇಲೆ ದೀಪದ ನೆನಪು ಸಾಕಾಯಿತು, ಕೊನೆಗೆ ಅದೂ ಬೇಡವಾಯಿತು. ಪೂರ್ವಿ ಅಂಗಳದಲ್ಲಿ ಸುತ್ತು ಹೊಡೆದಳು. ಬಾಗಿಲಲ್ಲಿ ಕೂತ ಭಾಗ್ಯಶ್ರೀಯವರ ಮುಖದಿಂದ ಆ ಸಮಾಧಾನ ಹೊರಟುಹೋಯಿತು.

ಪರವಾನಗಿ ಕೊಡುವವರಿಗೆ ಹೋಲಿಕೆಗಾಗಿ ಅದೇ ಮನೆಯ, ಕೈ ಸರಿಯಿರುವ ಒಬ್ಬರ ಅಳತೆಯೂ ಬೇಕಾಗಿತ್ತು.

"ನೀವ ಬರ್ರಿ ಅಮ್ಮಾರ, ಏನೂ ನೋವಾಗಂಗಿಲ್ಲ. ಕೈ ತೊಡಿ ಮ್ಯಾಲೆ ಇಟಗೊಂಡ ಆರಾಮ ಕುಂದರ್ರಿ," ಎಂದು ನದಾಫ್ ಭಾಗ್ಯಶ್ರೀಯವರ ತೋಳಿಗೆ ಪಟ್ಟಿ ಕಟ್ಟಿದರು.

ಅವರ ಅಂಗೈ ತೊಡೆಯ ಮೇಲೆ ಮೇಲ್ಮುಖವಾಗಿ ತೆರೆದು ಬಿದ್ದಿತ್ತು, ರೊಟ್ಟಿ ತಟ್ಟಿ ತಟ್ಟಿ ನುಣುಪಾದ ಅಂಗೈ. ಪಟ್ಟಿ ಹೆಕ್ಕಿದ್ದನ್ನು ಚಿತ್ರವಾಗಿ ತೋರಿಸುವ ಪರದೆಯ ಮೇಲೆ ಬಿಗಿದ ಮುಷ್ಟಿ ಮೂಡಿತು.

ನದಾಫ್ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದರು. ಬೇರೆ ಪಟ್ಟಿ ತಂದರು. ಮುಷ್ಟಿ ಹಾಗೆಯೇ ಇತ್ತು.

"ಇರೂ ಕೈಯಾಗ ಹಿಂಗ ಕಾಣಬಾರದು," ಎಂದು ಅವರು ತಮಗೇ ಹೇಳಿಕೊಂಡರು. ಪರದೆಯತ್ತ ಬಾಗಿ, "ಯಾಕ ಕಾಣಬಾರದು? ಹಿಡಿ ಅನ್ನೂ ಅಪ್ಪಣಿ ಬರ್ತೈತಿ. ಇರೂ ಕೈ ಅದನ್ನ ಒಳಗ ಅದುಮಿ ಇಡ್ತೈತಿ. ಕೆಲಸ ಇರ್ತಾವಲ್ಲ ಅದಕ್ಕ, ರೊಟ್ಟಿ ಬಡೀಬೇಕು, ಕಸಾ ಹೊಡೀಬೇಕು. ಇಲ್ಲದ ಕೈಗೆ ಅದುಮಾಕ ಏನೂ ಇಲ್ಲ, ಅದಕ್ಕ ಅದು ಖರೇ ಹೇಳತೈತಿ."

ಭಾಗ್ಯಶ್ರೀ ಪರದೆಯ ಮುಷ್ಟಿಯನ್ನು ನೋಡುತ್ತಿದ್ದರು. ಆಮೇಲೆ ಯಾರ ಕಡೆಗೂ ನೋಡದೆ ಮಾತಾಡಿದರು.

"ಅವತ್ತ ಮುಂಜಾನೆ ಮಂಜ ಭಾಳ ಬಿದ್ದಿತ್ತು. ಇಷ್ಟ ಲಗೂ ಹೋಗಬ್ಯಾಡೋ ಅಂತ ಸಮರ್ಥನ ಅಂಗಿ ಹಿಡದಿದ್ದೆ. 'ಬಿಡಽ ಯವ್ವಾ, ಹೊತ್ತಾಗತೈತಿ' ಅಂದ." ಅವರು ತಮ್ಮ ಅಂಗೈಯತ್ತ ನೋಡಿದರು. "ಬಿಟ್ಟೆ."

ಅಪಘಾತದ ನಂತರವೂ ಪೂರ್ವಿ ಒಂದು ವರ್ಷ ಆ ಮನೆಯಲ್ಲಿದ್ದಳು. ಇದನ್ನು ಕೇಳಿರಲಿಲ್ಲ. ಅತ್ತೆ ತನ್ನನ್ನು ದೂಷಿಸುತ್ತಿದ್ದಾರೆ, ಅದಕ್ಕೇ ಕಾವಲು ಕೂತಿದ್ದಾರೆ ಎಂದೇ ಅವಳು ತಿಳಿದಿದ್ದಳು.

ಅಲ್ಲಿಂದ ನದಾಫ್ ಆರೋಗ್ಯವಂತರ ಕೈಗಳಿಗೂ ಪಟ್ಟಿ ಕಟ್ಟಿ ನೋಡತೊಡಗಿದರು. ಷೆಡ್ಡಿನ ಮೆಕ್ಯಾನಿಕ್ಕುಗಳು, ನೆರೆಮನೆಯವರು, ತಮ್ಮದೇ ತಂದೆ. ಬಹಳ ಕೈಗಳು ಒಳಗೊಳಗೆ ಏನನ್ನೋ ಹಿಡಿದುಕೊಂಡಿದ್ದವು. ಪರವಾನಗಿಗೆ ಬರುವ ಎಲ್ಲರಿಗೂ ಈ ಪರೀಕ್ಷೆ ಆಗಲಿ ಎಂದು ಅವರು ಬರೆದುಕೊಟ್ಟ ಸಲಹೆ ಮೇಲೆ ಹೋಗಲಿಲ್ಲ. "ಇದರ ಪ್ರಕಾರ ಹ್ವಾದ್ರ ಊರಾಗ ಒಬ್ಬನೂ ಗಾಡಿ ಹೊಡಿಯೂ ಹಂಗಿಲ್ರೀ ಡಾಕ್ಟರ, ಮದಲ ನಾನ," ಎಂದು ನಕ್ಕ ಅಧಿಕಾರಿ, ತನ್ನ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡಿದ್ದ.

ಪೂರ್ವಿಗೆ ಪರವಾನಗಿ ಸಿಕ್ಕಿತು. ಜ್ಯೇಷ್ಠದ ಮೊದಲ ಗಾಳಿ ಎದ್ದ ದಿನ, ಬೆಳಿಗ್ಗೆ ಅವಳು ಬೈಕನ್ನು ಮನೆಯ ಮುಂದೆ ನಿಲ್ಲಿಸಿ, ಪಟ್ಟಿ ಕಟ್ಟಿಕೊಂಡು ಹತ್ತಿ ಕೂತಳು. ದೂರದ ಗುಡ್ಡದ ಮೇಲೆ ಫ್ಯಾನುಗಳು ತಿರುಗಲು ಶುರುಮಾಡಿದ್ದವು. ಇಲ್ಲದ ಕೈ ಎಕ್ಸಿಲರೇಟರ್ ಮೇಲೆ ಕೂತಿತು. ಇನ್ನೇನು ತಿರುವಬೇಕು.

ಬೆನ್ನ ಹಿಂದೆ ಅವಳ ಅಂಗಿ ಬಿಗಿಯಿತು.

ತಿರುಗಿ ನೋಡಬೇಕಾಗಿರಲಿಲ್ಲ. ಗಾಡಿ ಸಿದ್ಧವಿತ್ತು. ಅವಳ ಕೈಯನ್ನು ಕೂದಲೆಳೆಯಷ್ಟು ತಪ್ಪಿಲ್ಲದೆ ಓದುವ ಗಾಡಿ. ಅಂಗಿ ಹಿಡಿದ ಕೈಯನ್ನು ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಒಂದು ಚೂರು ತಿರುವಿದರೆ ಅಂಗಿ ತಾನಾಗಿ ಜಾರಿಹೋಗುತ್ತಿತ್ತು. ಬಾಯಿಗೆ ಒಂದು ಮಾತು ಬಂದಿತ್ತು. ಸಮರ್ಥ ಆಡಿದ ಮಾತೇ, ಇಡೀ ಊರು ಅವಳಿಗೆ ಹೇಳಿದ ಮಾತೇ. ಅದನ್ನು ಅವಳು ನುಂಗಿಕೊಂಡಳು.

ಪೂರ್ವಿ ಇಲ್ಲದ ಬೆರಳುಗಳನ್ನು ಒಂದೊಂದಾಗಿ ಮಡಚಿ ಬ್ರೇಕು ಹಿಡಿದಳು. ಈ ಸಲ ಹಿಡಿದವಳು ಅವಳೇ.

"ಹೊತ್ತಾಗೂದಿಲ್ರೀ ಅತ್ತಿ," ಎಂದಳು. "ನಿಂತೀನಿ."

ಓಣಿಯಲ್ಲಿ ಹಾಲಿನವನು ಹೋದ. ಎರಡೂ ಕೈ ಇರುವ ಯಾರು ಯಾರೋ ತಮ್ಮ ತಮ್ಮ ಗಾಡಿಗಳ ಮೇಲೆ ಅವಸರದಲ್ಲಿ ಹೋದರು. ಹಾದಿಗೆ ಅಡ್ಡ ನಿಂತಿದ್ದಕ್ಕೆ ಒಬ್ಬ ಹಾರ್ನ್ ಹೊಡೆದ. ಅವಳು ಅಲ್ಲಾಡಲಿಲ್ಲ.