ಗುಂಜೋಟಿಯ ಹೊಲದಲ್ಲಿ ಸಿಕ್ಕ ಕರಡಿಗೆ

ಗುಂಜೋಟಿಯ ಕಸ್ತೂರಬಾಯಿ ಹೊಲದಲ್ಲಿ ಕಳೆದ ಕಾಲುಂಗುರ ಹುಡುಕಲು ನನ್ನನ್ನು ಕರೆಸಿದ್ದರು. ನನ್ನ ಮೆಟಲ್ ಡಿಟೆಕ್ಟರ್ ಕಬ್ಬಿಣಕ್ಕೆ ಗೊರಗುಟ್ಟುತ್ತದೆ, ಬೆಳ್ಳಿಗೆ ಕಿಣಿಗುಟ್ಟುತ್ತದೆ. ಬದುವಿನ ಬಳಿ ಕಿಣಿಗುಟ್ಟಿತು. ಅಗೆದರೆ ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗದ ಬೆಳ್ಳಿ ಕರಡಿಗೆ! ಸುಡುಬಿಸಿಲಲ್ಲೂ ತಣ್ಣಗೆ ಕೊರೆಯುತ್ತಿತ್ತು.

"ಏನ್ ಸಿಕ್ತೋ ತಮ್ಮಾ?" ಕಸ್ತೂರಬಾಯಿ ದೂರದಿಂದ ಕೇಳಿದರು.

"ತುಕ್ಕು ಹಿಡದ ಕಬ್ಬಿಣರೀ, ಅವ್ವಾ," ಎಂದು ಜೇಬಿಗಿಳಿಸಿದೆ.

ಆಕೆ ನಂಬಿ ಚಹಾ ಕೊಟ್ಟರು. ಮನೆಗೆ ಬರುವಷ್ಟರಲ್ಲಿ ಜೇಬು ತೊಯ್ದು ನೀರು ತೊಟ್ಟಿಕ್ಕುತ್ತಿತ್ತು.

ಮರುದಿನ ಹೋಗಿ, "ತಪ್ಪಾಯ್ತು ಅವ್ವಾ, ಸುಳ್ಳು ಹೇಳಿದ್ದೆ," ಎಂದು ಕರಡಿಗೆ ಚಾಚಿದೆ.

ಕಸ್ತೂರಬಾಯಿ ಬಗ್ಗಿ ನೋಡಿ ಹಿಂದೆ ಸರಿದರು. "ಇದು ನಮ್ಮವ್ವಂದು. ಮಾಕಣಿ ಊರಾಗ ಆಕಿ ಕೊಳ್ಳಾಗ ಕಟ್ಟೇ ಮಣ್ಣ ಮಾಡೀವಿ. ಆ ಜಾಗಾ ಈಗ ಡ್ಯಾಮಿನ ನೀರಾಗ ಮುಳುಗ್ಯಾದ."

ಅವರು ಅದನ್ನು ಮುಟ್ಟಲಿಲ್ಲ. ಕರಡಿಗೆ ನನ್ನ ಮನೆಯಲ್ಲೇ ಇದೆ. ತೆರೆದು ನೋಡುವ ಧೈರ್ಯ ಇನ್ನೂ ಬಂದಿಲ್ಲ.