ಕಂಕಣ ಕಟ್ಟಿದ ಕೈ

ರಮ್ಯ ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟಿದ್ದಳಷ್ಟೆ. ಹಿಂದಿನಿಂದ ಯಾರೋ ಅವಳ ಬ್ಯಾಗು ಹಿಡಿದರು.

ತಿರುಗಿದರೆ... ಮಣಿಕಂಠ! ನಾಳಿದ್ದು ಅವಳಿಗೆ ತಾಳಿ ಕಟ್ಟಬೇಕಾದ ಗಂಡು. ಒಂದೇ ಊರಿನವರಾದರೂ ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು.

ಅವಳ ಎಡಗೈಯಲ್ಲೂ ಅವನ ಬಲಗೈಯಲ್ಲೂ ನಿನ್ನೆ ಕಟ್ಟಿದ ಅರಿಶಿನದ ಕಂಕಣ. ಅದು ಕೈಗೆ ಬಂತೆಂದರೆ ಮದುವೆ ಮುಗಿಯುವ ತನಕ ರಾಮಾಪುರದ ಗಡಿ ದಾಟುವಂತಿಲ್ಲ. ಗಂಡು ಹೆಣ್ಣು ಮಾತಾಡುವಂತೆಯೂ ಇಲ್ಲ.

ಬೆಂಗಳೂರಿನಲ್ಲಿ ರಾಷ್ಟ್ರೀಯ ಮಹಿಳಾ ಅಥ್ಲೆಟಿಕ್ಸ್ ಕೂಟ. ರಮ್ಯಳ ಎಂಟುನೂರು ಮೀಟರ್ ಓಟವೂ ನಾಳಿದ್ದೇ.

ಯುದ್ಧ ಬಂತೆಂದು ಟಿವಿಯವರು ಬೊಬ್ಬೆ ಹೊಡೆಯುತ್ತಿದ್ದರು. ಮಣಿಕಂಠ ಸೇನೆಯವನು. ಹಿರಿಯರು ಹೆದರಿ, ಮುಂದಿನ ತಿಂಗಳ ಮದುವೆಯನ್ನು ಈ ವಾರಕ್ಕೇ ಎಳೆದಿದ್ದರು. ರಮ್ಯಳನ್ನು ಒಂದು ಮಾತು ಕೇಳಿದವರಿಲ್ಲ.

‘ಎಳೆದುಕೊಂಡು ಹೋಗಲು ಬಂದಿದ್ದಾನೆ... ಬೋನಿಗೆ ಹಾಕಿದ್ದು ಸಾಲದೇನೋ.’

“ಬ್ಯಾಗ್ ಬುಡಿ,” ಎಂದಳು. “ಮದ್ವೆ ಬೇಗ ಮಾಡಿ ಅಂತ ಅಟ ಇಡ್ದೋರು ನೀವೇ ತಾನೆ? ನನ್ನ ಓಟ ಆಳಾಗೋಗ್ಲಿ ಅಂತ?”

“ನಾನಾ?” ಅವನು ಕಕ್ಕಾಬಿಕ್ಕಿಯಾದ. “ತಾಳಿ ಬೇಗ ಕಟ್ಲಿ ಅಂತ ನೀನೇ ಅಳ್ತಾ ಕುಂತಿದ್ದೀಯ ಅಂದ್ರಲ್ಲ ನಮ್ಮವ್ವ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಜೋಡಿಯ ಬಾಯಿ ಕಟ್ಟಿಬಿಟ್ಟರೆ ದೊಡ್ಡವರು ಸುಳ್ಳು ಹೇಳುವುದು ಎಷ್ಟು ಸಲೀಸು ನೋಡಿ.

“ಮತ್ಯಾಕೆ ಬಂದ್ರಿ?”

ಅವನು ಫೋನು ತೋರಿಸಿದ. ರಜೆ ರದ್ದು, ಕೂಡಲೇ ಹಾಜರಾಗಬೇಕು.

“ನಾನೂ ಇದೇ ಬಸ್ಸಿಗೆ ಓಯ್ತೀನಿ. ಬ್ಯಾಗು ಭಾರ ಅದೆ ಅಂತ ಇಡ್ಕಂಡೆ, ಅಷ್ಟೇಯ.”

ರಮ್ಯಳ ಕೋಪ ಇಳಿದುಹೋಯಿತು. ಆ ಜಾಗಕ್ಕೆ ಭಯ ಬಂದು ಕೂತಿತು. ‘ಇಷ್ಟು ದಿನ ಇವನನ್ನು ಬೈದುಕೊಂಡೆನಲ್ಲಾ... ಇವನಿಗೇನಾದರೂ ಆದರೆ?’

ಅಷ್ಟರಲ್ಲಿ ಅವನ ತಾಯಿ ಚಿಕ್ಕಮಾದಮ್ಮ ಏದುಸಿರು ಬಿಡುತ್ತಾ ಬಂದು ರಮ್ಯಳ ಕೈ ಹಿಡಿದರು. “ಕಂಕಣ ಕಟ್ಕಂಡು ಗಡಿ ದಾಟ್ಬಾರ್ದು ಕಣವ್ವ, ಕೇಡು.”

ಮಣಿಕಂಠ ಫೋನಿನ ವಿಷಯ ಹೇಳಿದ. ತಾಯಿ ಅವನ ತೋಳು ಸವರಿದರು. “ನಿಂದು ದೇಸದ ಕೆಲ್ಸ ಕಣ್ಲಾ ಮಗ, ನಿಂಗೆ ದೋಸ ತಟ್ಟಲ್ಲ. ಇವ್ಳು ಮನೇಲಿರ್ಲಿ.”

“ನಂಗೆ ತಟ್ದೇ ಇರೋ ದೋಸ ಇವ್ಳಿಗೆಂಗವ್ವಾ ತಟ್ಟದು? ದಾಟುದ್ರೆ ಇಬ್ರೂವೆ. ಇಲ್ದಿದ್ರೆ ನಾನೂ ಇಲ್ಲೇ ಕುಂತ್ಕತೀನಿ, ಮಿಲ್ಟ್ರಿ ಪೊಲೀಸ್ನೋರು ಬಂದು ಕರ್ಕಂಡೋಗ್ಲಿ.”

ಕಂಡಕ್ಟರ್ ಸೀಟಿ ಊದಿದ. ಚಿಕ್ಕಮಾದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ರಮ್ಯಳ ಕಂಕಣಕ್ಕೆ ಇನ್ನೊಂದು ಗಂಟು ಹಾಕಿದರು.

“ಓಡುವಾಗ ಬಿದ್ದೋಗದಂಗೆ ಕಟ್ಟಿವ್ನಿ. ಓಗ್ಬುಟ್ಟು ಬಾ.”

ಹನೂರು ಕಳೆಯಿತು. ಕೊಳ್ಳೇಗಾಲದಲ್ಲಿ ಅವನು ಮೈಸೂರಿನ ಬಸ್ಸು ಹಿಡಿಯಬೇಕು. ಕಿಟಕಿಯಾಚೆ ಕೊಳ್ಳೇಗಾಲ ಹತ್ತಿರವಾದಷ್ಟೂ ಅವಳು ಕಂಕಣದ ದಾರವನ್ನು ತಿರುಗಿಸುತ್ತಲೇ ಇದ್ದಳು.

“ಓಟ ಗೆದ್ರೂ ಸೋತ್ರೂ ಇದ ಬಿಚ್ಚಬ್ಯಾಡ,” ಎಂದ ಅವನು. “ನಾನೇ ಬಂದು ಬಿಚ್ತೀನಿ.”

ರಮ್ಯ ತನ್ನ ಕೈಯನ್ನು ಅವನ ಕೈ ಪಕ್ಕ ಇಟ್ಟಳು.

“ಬಂದೇ ಬರ್ಬೇಕು ನೀವು... ನಂಗೆ ಒಂದು ಕೈಲಿ ಗಂಟು ಬಿಚ್ಚಕ್ಕೆ ಬರಲ್ಲ.”