ನಾಲ್ಕನೇ ನಂಬರಿನ ಕಪಾಟು

ಆಕೆ ಅವನನ್ನು ಮೊದಲ ಸಲ ಬೈದದ್ದು ಕನ್ನಡದಲ್ಲಿ. ಅದೇ ಅವನಿಗೆ ನುಂಗಲಾರದ ತುತ್ತಾಗಿತ್ತು. ಈ ದೇಶಕ್ಕೆ ಓದಲು ಬಂದು ಇಪ್ಪತ್ತಾರು ದಿನವಾಗಿತ್ತು. ಅಷ್ಟೂ ದಿನ ಎದುರಿಗೆ ನಿಂತವರ ಬಾಯಿಂದ ಒಂದು ಕನ್ನಡ ಶಬ್ದ ಕಿವಿಗೆ ಬಿದ್ದಿರಲಿಲ್ಲ. ಬಿದ್ದ ಮೊದಲ ಮಾತೇ ಹೀಗಿತ್ತು: "ಪುಸ್ತಕ ಅಂದ್ರೆ ಇಟ್ಟಿಗೆ ಅಲ್ಲಪ್ಪಾ, ಹಂಗೆ ಎತ್ತಿ ಹಾಕ್ಬೇಡ."

ಅದು ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆ. ಹೊರದೇಶದ ವಿದ್ಯಾರ್ಥಿಗಳು ವಾರಕ್ಕೆ ಇಪ್ಪತ್ತು ಗಂಟೆ ದುಡಿಯಬಹುದಿತ್ತು. ಆ ಇಪ್ಪತ್ತು ಗಂಟೆಯನ್ನೂ ಅವನು ಅಲ್ಲಿ ಹಳೆಯ ಪುಸ್ತಕಗಳ ಧೂಳು ಒರೆಸುತ್ತ ಕಳೆಯುತ್ತಿದ್ದ. ಊರಲ್ಲಿ ಅವನು ಚಿನ್ನದ ಪದಕದವನು. ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು. ಹೊರಡುವ ಮುಂಚೆ ಸ್ಟಾಫ್ ರೂಮಿನಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆದು ಕಳಿಸಿದ್ದರು. ಆ ಶಾಲು ಈಗ ಬಾಡಿಗೆ ಕೋಣೆಯ ಕಿಟಕಿ ಸಂದಿಯಲ್ಲಿ, ಗಾಳಿ ನುಗ್ಗದಂತೆ ತುರುಕಿಕೊಂಡು ಕೂತಿತ್ತು. ಆ ಕೋಣೆಯಲ್ಲಿ ಮೂವರು. ಫ್ರಿಜ್ಜಿನಲ್ಲಿ ಅವನ ಪಾಲಿಗೆ ಬಂದದ್ದು ಬಾಗಿಲಿನ ಒಂದು ಖಾನೆ. ಸ್ನಾನಕ್ಕೆ ಏಳು ನಿಮಿಷ. ಎಂಟನೆಯ ನಿಮಿಷಕ್ಕೆ ಮನೆಯೊಡತಿ ಬಾಗಿಲು ತಟ್ಟುತ್ತಿದ್ದಳು. ತಲೆಗೆ ಸೋಪು ಹಚ್ಚಿಕೊಂಡೇ ಎಷ್ಟೋ ಸಲ ತರಗತಿಗೆ ಹೋಗಿದ್ದೇನೋ ಎಂದು ಅವನಿಗೆ ಅನ್ನಿಸುತ್ತಿತ್ತು.

ಇದನ್ನೆಲ್ಲ ಅವನು ಸಹಿಸಿಕೊಂಡಿದ್ದ. ಸಹಿಸಲಾಗದ್ದು ನೆಲಮಾಳಿಗೆಯ ಮೇಲ್ವಿಚಾರಕಿ. ಅವನು ಮನಸ್ಸಿನಲ್ಲೇ ಆಕೆಗೆ ಮೇಡಮ್ಮ ಎಂದು ಹೆಸರಿಟ್ಟಿದ್ದ. ಎಂದೋ ಗಂಡನ ಹಿಂದೆ ಬಂದವಳು, ಗಂಡ ಹೋದ ಮೇಲೂ ಇಲ್ಲೇ ಉಳಿದವಳು. ಓದಿದ್ದು ಪಿಯುಸಿ. ಅದನ್ನು ಆಕೆಯೇ ನಗುತ್ತ ಹೇಳಿಕೊಂಡಿದ್ದಳು. ಇಪ್ಪತ್ತೊಂದು ವರ್ಷದಲ್ಲಿ ಗುಡಿಸುವ ಕೆಲಸದಿಂದ ಮೇಲ್ವಿಚಾರಕಿಯ ಕುರ್ಚಿಗೆ ಏರಿದ್ದಳು. ಈಗ ಆ ಕುರ್ಚಿಯಿಂದ ಚಿನ್ನದ ಪದಕಕ್ಕೆ ಪಾಠ ಹೇಳುತ್ತಿದ್ದಳು. "ಕೈಗವಸು ಎಲ್ಲಪ್ಪಾ? ಕೈಬೆವರು ತಾಗಿದ್ರೆ ಹಾಳೆ ಸಾಯತ್ತೆ." "ಪುಸ್ತಕದ ಬೆನ್ನು ಹಿಡಿದು ಎಳೀಬೇಡ, ನಿನ್ನ ಕತ್ತು ಹಿಡಿದು ಎಳೆದ್ರೆ ಹೆಂಗಿರತ್ತೆ?" ಬೇರೆಯವರಿಗೆ ಭಾಷೆ ತಿಳಿಯುತ್ತಿರಲಿಲ್ಲ, ನಿಜ. ಆದರೆ ಬೈಗುಳದ ರಾಗಕ್ಕೆ ಅನುವಾದ ಬೇಕೆ? ಅವರು ತಲೆ ತಗ್ಗಿಸಿ ನಗುತ್ತಿದ್ದರು.

ಅಕ್ಕನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಟೈಲರಿಂಗ್ ಮಾಡಿ ಅವನನ್ನು ಓದಿಸಿದವಳು ಅವಳೇ. ಭಾನುವಾರ ಫೋನ್ ಮಾಡಿದಾಗ ಹಿಂದೆ ಮಿಷನ್ನಿನ ಸದ್ದು ಕೇಳುತ್ತಿತ್ತು.

"ಎಲ್ಲರಿಗೂ ಹೇಳಿದೀನಿ ಕಣೋ, ನಮ್ಮ ಹುಡುಗ ಅಲ್ಲಿ ಲೈಬ್ರರಿ ಆಫೀಸರ್ ಅಂತ. ಸರಿ ತಾನೆ?"

"ಹೂಂ ಅಕ್ಕ. ಹಂಗೇ ಅಂದ್ಕೋ."

"ಓದು ಮುಗಿದ ಮೇಲೂ ಇಟ್ಕೋತಾರಾ?"

"ಇಟ್ಕೋತಾರೆ. ಆಗಲೇ ಮಾತಾಡ್ತಿದಾರೆ."

ಮಾತಾಡುತ್ತಿದ್ದುದು ಸುಳ್ಳಲ್ಲ. ನೆಲಮಾಳಿಗೆಯಲ್ಲಿ ಒಂದು ಸಹಾಯಕನ ಹುದ್ದೆ ಖಾಲಿಯಾಗಲಿತ್ತು. ಕಾಯಂ ಹುದ್ದೆ. ಅದು ಸಿಕ್ಕವನಿಗೆ ಓದು ಮುಗಿದ ಮೇಲೂ ಈ ದೇಶದಲ್ಲಿ ಉಳಿಯುವ ಕಾಗದ ಸಿಗುತ್ತಿತ್ತು. ಅವನದು ಒಂದೇ ವರ್ಷದ ಓದು; ಸಿಗದಿದ್ದರೆ ಇನ್ನು ನಾಲ್ಕು ತಿಂಗಳಿಗೆ ಗಂಟುಮೂಟೆ. ಅವನು ನಾಚಿಕೆ ಬಿಟ್ಟು ಮೇಡಮ್ಮನನ್ನು ಕೇಳಿದ್ದ. ಆಕೆ ಕನ್ನಡಕದ ಮೇಲಿಂದ ನೋಡಿ "ನೋಡೋಣಪ್ಪಾ" ಎಂದಿದ್ದಳು. ಒಂದು ವಾರದ ಮೇಲೆ, ತಳ್ಳುಗಾಡಿ ತರಲು ಮೇಲೆ ಹೋದವನಿಗೆ ಗ್ರಂಥಾಲಯದ ಮುಖ್ಯಸ್ಥರ ಕೋಣೆಯಿಂದ ಆಕೆಯ ದನಿ ಕೇಳಿತು. ಆ ನಾಡಿನ ಭಾಷೆಯಲ್ಲಿ, ಹರುಕುಮುರುಕು ಉಚ್ಚಾರದಲ್ಲಿ, ಆದರೆ ಸ್ಪಷ್ಟವಾಗಿ ಹೇಳುತ್ತಿದ್ದಳು: "ಸಹಾಯಕನ ಕೆಲಸಕ್ಕೆ ಆ ಹುಡುಗ ಬೇಡ. ನನ್ನ ಮಾತು ಕೇಳಿ."

ಅವನು ಗಾಡಿ ತಳ್ಳಿಕೊಂಡು ಸದ್ದಿಲ್ಲದೆ ಬಂದುಬಿಟ್ಟ. ಮುಂದಿನದು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮವರೇ ನಮ್ಮವರ ಕಾಲಿಗೆ ಕಲ್ಲು ಕಟ್ಟುತ್ತಾರೆ ಎಂದು ಊರಲ್ಲಿ ಹೇಳುತ್ತಿದ್ದರಲ್ಲ, ಇದೇ ಅದು.

ಬೈದು ಜಗಳವಾಡುವುದು ದಡ್ಡರ ದಾರಿ. ಅವನು ಎರಡು ವಾರ ಯೋಚಿಸಿದ. ಮೇಡಮ್ಮ ಹೋಗಬೇಕು, ತಾನಾಗಿ ಅಲ್ಲ, ತಲೆ ತಗ್ಗಿಸಿ. ಆಕೆ ಹೋದರೆ ಆಕೆಯ ಮಾತಿನ ತೂಕವೂ ಹೋಗುತ್ತದೆ. ಕಳ್ಳತನದಲ್ಲಿ ಸಿಕ್ಕಿಬಿದ್ದವಳು ಬೇಡವೆಂದವನನ್ನು ಯಾರು ತಾನೇ ಬೇಡವೆಂದಾರು?

ಪ್ರತಿ ಗುರುವಾರ ಅಪರೂಪದ ಪುಸ್ತಕಗಳಲ್ಲಿ ಕೆಲವನ್ನು ಹೊಲಿಗೆ ಬಿಚ್ಚಿದ್ದಕ್ಕೋ ಹಾಳೆ ಹರಿದದ್ದಕ್ಕೋ ಮೇಲಿನ ದುರಸ್ತಿ ಕೋಣೆಗೆ ಕಳಿಸುತ್ತಿದ್ದರು. ಮೇಡಮ್ಮ ಅವನ್ನು ಮರದ ಹರಿವಾಣದಲ್ಲಿ ಜೋಡಿಸಿ, ಪಟ್ಟಿ ಬರೆದು, ಸಹಿ ಹಾಕಿ, ಸಾಮಾನಿನ ಲಿಫ್ಟಿನ ಪಕ್ಕದ ಮೇಜಿನ ಮೇಲಿಟ್ಟು, ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮುಖ್ಯಸ್ಥರ ಜೊತೆ ಚಹಾ ಕುಡಿಯಲು ಹೋಗುತ್ತಿದ್ದಳು. ಹನ್ನೊಂದೂಕಾಲಿಗೆ ದುರಸ್ತಿ ಕೋಣೆಯವ ಬಂದು ಹರಿವಾಣ ಒಯ್ಯುತ್ತಿದ್ದ. ಮಧ್ಯಾಹ್ನ ಊಟಕ್ಕೆ ಮುಂಚೆ ಪಟ್ಟಿ ಹಿಡಿದು ಎಣಿಸುತ್ತಿದ್ದ. ನಡುವಿನ ಇಪ್ಪತ್ತೈದು ನಿಮಿಷ ಹರಿವಾಣಕ್ಕೆ ಯಾರೂ ಕಾವಲಿಲ್ಲ. ಕ್ಯಾಮೆರಾ ಹೊರಬಾಗಿಲಲ್ಲಿ ಮಾತ್ರ. ಪುಸ್ತಕ ಕಟ್ಟಡ ಬಿಟ್ಟು ಹೋಗಬೇಕಾದರೆ ಅಲ್ಲಿಂದಲೇ ಹೋಗಬೇಕು. ಅವನ ಪುಸ್ತಕ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಹದಿನೈದು ಹೆಜ್ಜೆ ನಡೆದರೆ ಸಾಕಿತ್ತು.

ಹದಿನೈದು ಹೆಜ್ಜೆಯಾಚೆ ಕೆಲಸದವರ ಕಬ್ಬಿಣದ ಕಪಾಟುಗಳ ಸಾಲಿತ್ತು. ಅವನದು ಹನ್ನೊಂದನೆಯದು, ಮೇಡಮ್ಮನದು ನಾಲ್ಕನೆಯದು. ಆ ಅಗ್ಗದ ಬೀಗಗಳ ಗುಟ್ಟು ಅವನಿಗೆ ಅಕಸ್ಮಾತ್ತಾಗಿ ತಿಳಿದಿತ್ತು. ಒಂದು ದಿನ ಮರೆವಿನಲ್ಲಿ ಪಕ್ಕದ ಕಪಾಟಿಗೆ ತನ್ನ ಬೀಗದ ಕೈ ಹಾಕಿದ್ದ, ಅದು ತೆರೆದುಕೊಂಡಿತ್ತು. ಆಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ನಾಲ್ಕನೆಯದಕ್ಕೂ ಹಾಕಿ ನೋಡಿದ. ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಿದರೆ ಅದೂ ತೆರೆಯುತ್ತಿತ್ತು. ಬಾಗಿಲು ಒಂದು ಗೇಣಿಗಿಂತ ಹೆಚ್ಚು ತೆರೆದರೆ ಮಾತ್ರ ಕೀರ್ ಎಂದು ಕೂಗುತ್ತಿತ್ತು. ಆದ್ದರಿಂದ ಗೇಣಷ್ಟೇ ತೆರೆಯಬೇಕು, ಕೈ ಒಳಗೆ ಹಾಕಿ ಮೇಲಿನ ಹಲಗೆಯ ಹಿಂದಕ್ಕೆ ತಳ್ಳಬೇಕು, ಮುಚ್ಚಬೇಕು. ಅವನು ಖಾಲಿ ಡಬ್ಬಿಯೊಂದನ್ನು ಹಿಡಿದು ತನ್ನ ಕಪಾಟಿನಲ್ಲೇ ಅಭ್ಯಾಸ ಮಾಡಿದ. ಎಂಟು ಸೆಕೆಂಡು.

ಅನಾಮಧೇಯ ಪತ್ರ, ಫೋನು, ಯಾವುದೂ ಬೇಡ. ಅಂಥದ್ದು ಮಾಡಿದವರೇ ಸಿಕ್ಕಿಬೀಳುವುದು. ಅಪರೂಪದ ಪುಸ್ತಕ ಕಾಣೆಯಾದರೆ ನೆಲಮಾಳಿಗೆಯ ಎಲ್ಲ ಕಪಾಟುಗಳನ್ನೂ ಮುಖ್ಯಸ್ಥರ ಎದುರು ತೆರೆಯಬೇಕೆಂದು ನಿಯಮವೇ ಇತ್ತು. ನಿಯಮ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತದೆ. ಬೆರಳಚ್ಚಿನ ಚಿಂತೆಯೂ ಇರಲಿಲ್ಲ. ಬೇರೆ ಕಡೆ ಕೈಗವಸು ಹಾಕಿಕೊಂಡವನ ಮೇಲೆ ಅನುಮಾನ ಬರುತ್ತದೆ; ಇಲ್ಲಿ ಹಾಕಿಕೊಳ್ಳದವನಿಗೆ ಬೈಗುಳ. ಮೇಡಮ್ಮ ಕಲಿಸಿದ ಪಾಠ ಒಂದಾದರೂ ಉಪಯೋಗಕ್ಕೆ ಬಂತಲ್ಲ ಎಂದು ಅವನಿಗೆ ನಗು ಬಂತು.

ಇನ್ನು ತಾನು ಎಲ್ಲಿರಬೇಕು ಎಂಬುದು. ಗುರುವಾರದ ಮಟ್ಟಿಗೆ ಮೇಲಿನ ಕೌಂಟರಿಗೆ ಹಾಕಿಸಿಕೊಂಡ. ವಾಪಸು ಬಂದ ಪುಸ್ತಕ ತೆಗೆದುಕೊಳ್ಳುವ ಕೆಲಸ, ಎದುರಿಗೆ ಸದಾ ಜನ. ದಿನಕ್ಕೆ ಆರು ಸಲ ಗಾಡಿ ತುಂಬಿಸಿ ಕೆಳಗೆ ಇಳಿಸಿ ಬರುವುದು ಆ ಕೆಲಸದ ಭಾಗವೇ. ಹೋಗಿ ಬರಲು ನಾಲ್ಕು ನಿಮಿಷ. ನಾಲ್ಕು ನಿಮಿಷ ಇಲ್ಲದವನನ್ನು ಯಾರೂ ಇಲ್ಲವೆಂದು ಹೇಳುವುದಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವನು ಕೌಂಟರಿನಲ್ಲಿ ಕೂತಿದ್ದಾಗ ಮೇಡಮ್ಮ ಮೆಟ್ಟಿಲು ಹತ್ತಿ ಬಂದಳು. ಏದುಸಿರು ಬಿಡುತ್ತಿದ್ದಳು. ಸೀರೆಯ ಮೇಲೆ ತೊಟ್ಟ ಉಣ್ಣೆಯ ಕೋಟಿನ ತೋಳಿಗೆಲ್ಲ ಧೂಳು.

"ಸ್ವಲ್ಪ ಕೆಳಗೆ ಬರ್ತೀಯೇನಪ್ಪಾ? ನಿನ್ನ ಹತ್ರ ಒಂದು ಮಾತಾಡ್ಬೇಕಿತ್ತು."

"ಈಗ ಜನ ಇದಾರೆ ಮೇಡಂ."

"ಐದೇ ನಿಮಿಷ."

"ಮಧ್ಯಾಹ್ನ ಬರ್ತೀನಿ ಮೇಡಂ, ಊಟ ಆದ್ಮೇಲೆ."

"ಆಯ್ತು. ಊಟ ತಂದಿದೀಯಾ? ಇಲ್ಲಾಂದ್ರೆ ನನ್ನ ಹತ್ರ ಇದೆ."

"ತಂದಿದೀನಿ."

ಆಕೆ ಅಲ್ಲೇ ಒಂದು ಗಳಿಗೆ ನಿಂತಳು, ಏನೋ ಹೇಳುವವಳಂತೆ. ಆಮೇಲೆ ಮೆಟ್ಟಿಲಿಳಿದಳು. ಇನ್ನೊಂದು ಬೈಗುಳ ತಪ್ಪಿತು ಎಂದುಕೊಂಡ ಅವನು. ಮಧ್ಯಾಹ್ನದ ಹೊತ್ತಿಗೆ ಆಕೆಗೆ ಬೈಯಲು ಬಾಯೇ ಇರುವುದಿಲ್ಲ.

ಹನ್ನೊಂದಕ್ಕೆ ಗಾಡಿಯ ಜೊತೆ ಲಿಫ್ಟಿನಲ್ಲಿ ಇಳಿದ. ನೆಲಮಾಳಿಗೆಯಲ್ಲಿ ಕೊಳವೆ ದೀಪಗಳ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ. ಹರಿವಾಣದಲ್ಲಿ ಹದಿನಾಲ್ಕು ಪುಸ್ತಕ. ಮೊದಲೇ ಗುರುತು ಮಾಡಿಟ್ಟದ್ದು ಅಂಗೈಯಗಲದ್ದು, ಗಿಡಮೂಲಿಕೆಗಳ ಚಿತ್ರಗಳದ್ದು, ಪ್ರತಿ ಎಲೆಗೂ ಯಾರೋ ಎರಡು ಶತಮಾನದ ಹಿಂದೆ ಕೈಯಲ್ಲೇ ಹಸಿರು ತುಂಬಿದ್ದರು. ಎತ್ತಿಕೊಂಡ, ಬೆನ್ನು ಹಿಡಿದಲ್ಲ, ಎರಡೂ ಬದಿ ಹಿಡಿದು. ಹದಿನೈದು ಹೆಜ್ಜೆ. ಬೀಗದ ಕೈ ಮೇಲಕ್ಕೆತ್ತಿ ತಿರುಗಿಸಿದ. ಬಾಗಿಲು ಗೇಣಷ್ಟು. ಕೈ ಒಳಗೆ, ಮೇಲಿನ ಹಲಗೆ, ಹಿಂದಕ್ಕೆ. ಮುಚ್ಚಿದ. ಎಂಟು ಸೆಕೆಂಡಿಗಿಂತ ಒಂದು ಕಡಿಮೆಯೇ ಆಗಿರಬೇಕು. ಗಾಡಿ ಖಾಲಿ ಮಾಡಿ ಮೇಲೆ ಬಂದಾಗ ಕೌಂಟರಿನಲ್ಲಿ ಮೂವರು ಕಾಯುತ್ತಿದ್ದರು. ಅವರಲ್ಲೊಬ್ಬಳಿಗೆ ಅವನು ಸಮಯವನ್ನೂ ಕೇಳಿದ, ನೆನಪಿರಲಿ ಎಂದು.

ಹನ್ನೆರಡೂ ಮುಕ್ಕಾಲಿಗೆ ಕರೆ ಬಂತು. ನೆಲಮಾಳಿಗೆಯಲ್ಲಿ ಮುಖ್ಯಸ್ಥರು, ಕಾವಲಿನವ, ದುರಸ್ತಿ ಕೋಣೆಯವ, ಮೇಡಮ್ಮ, ಇನ್ನಿಬ್ಬರು ಕೆಲಸದವರು ಸಾಲಾಗಿ ನಿಂತಿದ್ದರು. ಮೇಡಮ್ಮನ ಮುಖ ಸುಣ್ಣದ ಹಾಗೆ ಬಿಳಿಚಿತ್ತು. "ನಾನೇ ಎಣಿಸಿಟ್ಟಿದ್ದೆ, ಹದಿನಾಲ್ಕಿತ್ತು" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅಕ್ಕ ಬಟ್ಟೆಯ ಅಳತೆ ತಪ್ಪಿದಾಗ ಗಿರಾಕಿಗಳ ಎದುರು ಹೀಗೇ ನಿಲ್ಲುತ್ತಿದ್ದಳು. ಅವನು ಆ ನೆನಪನ್ನು ಪಕ್ಕಕ್ಕೆ ತಳ್ಳಿದ.

ಕಾವಲಿನವ ಮಾಸ್ಟರ್ ಕೀಲಿಯಿಂದ ಒಂದು, ಎರಡು, ಮೂರು ತೆರೆದ. ಕೋಟು, ಬೂಟು, ಛತ್ರಿ. ನಾಲ್ಕನೆಯದು ಕೀರ್ ಎಂದು ಕೂಗಿತು. ಕಾವಲಿನವ ಮೇಲಿನ ಹಲಗೆಗೆ ಕೈ ಹಾಕಿ ಆ ಪುಟ್ಟ ಪುಸ್ತಕವನ್ನು ಹೊರತೆಗೆದ.

ಅವನು ಮುಖದ ಮೇಲೆ ಮೊದಲು ಆಶ್ಚರ್ಯ, ಆಮೇಲೆ ದುಃಖ ತಂದುಕೊಂಡ. ಕನ್ನಡಿಯೆದುರು ಹೀಗೇ ಅಭ್ಯಾಸ ಮಾಡಿದ್ದ. ಆದರೆ ಯಾರೂ ಮೇಡಮ್ಮನ ಕಡೆ ನೋಡಲಿಲ್ಲ. ಮುಖ್ಯಸ್ಥರು ಅವನನ್ನೇ ನೋಡುತ್ತಿದ್ದರು. ಮೇಡಮ್ಮ ನಿಧಾನವಾಗಿ ಅವನತ್ತ ತಿರುಗಿದಳು. ಆಕೆಯ ದನಿಯಲ್ಲಿ ಬೈಗುಳದ ರಾಗವೇ ಇರಲಿಲ್ಲ.

"ಯಾಕಪ್ಪಾ ಹಿಂಗೆ ಮಾಡ್ದೆ?"

ಅವಮಾನಕ್ಕೆ ತಲೆ ಕೆಟ್ಟಿದೆ ಎಂದುಕೊಂಡ ಅವನು. ಎಲ್ಲರಿಗೂ ಅರ್ಥವಾಗಲೆಂದು ಆ ನಾಡಿನ ಭಾಷೆಯಲ್ಲೇ, ಸ್ವಲ್ಪ ಜೋರಾಗಿ ಹೇಳಿದ: "ನನ್ನನ್ನು ಯಾಕೆ ಕೇಳುತ್ತೀರಿ ಮೇಡಂ? ಕಪಾಟು ನಿಮ್ಮದಲ್ಲವೆ?"

ಕಾವಲಿನವ ಸಾಲಿನ ಕೊನೆಗೆ ಹೋಗಿ, ಗೋಡೆಯ ಮೊಳೆಗೆ ದಾರದಲ್ಲಿ ತೂಗುಹಾಕಿದ್ದ ಒಂದು ನೋಟ್‌ಬುಕ್ಕನ್ನು ಬಿಚ್ಚಿ ತಂದು ಅವನ ಮುಂದೆ ಹಿಡಿದ. ಯಾವ ಕಪಾಟು ಯಾರದೆಂದು ಬರೆದಿಡುವ ಪುಸ್ತಕ. ಕೆಲಸಕ್ಕೆ ಸೇರಿದ ದಿನ ಅವನೂ ಅದರಲ್ಲಿ ಒಂದು ಸಹಿ ಗೀಚಿದ್ದ, ಮತ್ತೆ ಅದರತ್ತ ತಿರುಗಿ ನೋಡಿರಲಿಲ್ಲ. ನಾಲ್ಕನೇ ನಂಬರಿನ ಎದುರು ಇಪ್ಪತ್ತೊಂದು ವರ್ಷದಿಂದ ಇದ್ದ ಹೆಸರಿನ ಮೇಲೆ ಅಡ್ಡಗೆರೆ ಬಿದ್ದಿತ್ತು. ಪಕ್ಕದಲ್ಲಿ, ಆ ನಾಡಿನ ಭಾಷೆಯಲ್ಲೇ, ಮೇಡಮ್ಮನ ಗುಂಡು ಗುಂಡಾದ ಅಕ್ಷರ: 'ನಿವೃತ್ತಿ ತೆಗೆದುಕೊಳ್ಳುತ್ತಿರುವುದರಿಂದ ಖಾಲಿ ಮಾಡಿ, ಒರೆಸಿ, ಹೊಸ ಮೇಲ್ವಿಚಾರಕರಿಗೆ ಬಿಟ್ಟುಕೊಟ್ಟಿದ್ದೇನೆ.' ಅದರ ಮುಂದೆ ಅವನ ಹೆಸರು. ಕೆಳಗೆ ಮುಖ್ಯಸ್ಥರ ಸಹಿ, ಸಾಕ್ಷಿಗೆ ಕಾವಲಿನವನ ಸಹಿ, ಇವತ್ತಿನ ತಾರೀಖು, ಬೆಳಿಗ್ಗೆ ಒಂಬತ್ತೂಕಾಲು.